ಲೈಲ್‌ನ ಟ್ಯೂಬಿನಲ್ಲಿ ಆರ್ಡಿಸ್

ಮುಚ್ಚಿದ ಪಾತ್ರೆ ಕಂಡರೆ ಮುಚ್ಚಳ ಎತ್ತಿ ನೋಡದೆ ಆರ್ಡಿಸ್ ಟಾಲೆಫ್ಸನ್ ಮುಂದೆ ಹೋದವಳಲ್ಲ. ಮೊಂಟಾನಾದ ಆ ಸಣ್ಣ ಊರಿನ ಶಾಲೆಯಲ್ಲಿ ಮಕ್ಕಳಿಗೆ ಬೇಯಿಸಿ ಬಡಿಸುತ್ತಲೇ ಅವಳ ಕೂದಲು ನರೆತಿತ್ತು. ಯಾವ ಮಗು ಕ್ಯಾರೆಟ್ ಬಿಟ್ಟಿತು, ಯಾಕೆ ಬಿಟ್ಟಿತು, ಅದರ ಮನೆಯಲ್ಲಿ ಬೇಯಿಸಿ ಕೊಡುತ್ತಾರೋ ಹಸಿಯಾಗಿಯೋ, ಎಲ್ಲವೂ ಅವಳಿಗೆ ಗೊತ್ತಾಗಬೇಕು. ಅಂಚೆಯವಳ ಬೂಟು ಒಂದೇ ಕಡೆ ಯಾಕೆ ಸವೆಯುತ್ತದೆ, ಪಾದ್ರಿಗಳ ನಾಯಿ ಭಾನುವಾರ ಮಾತ್ರ ಯಾಕೆ ಬೊಗಳುವುದಿಲ್ಲ, ಇಂಥ ಪ್ರಶ್ನೆಗಳು ಅವಳ ನಿದ್ದೆ ಕೆಡಿಸುತ್ತಿದ್ದವು. ಎಲ್ಲದಕ್ಕೂ ಮೂಗು ತೂರಿಸುತ್ತಾಳೆ ಎಂದು ಊರಿನವರು ಆಡಿಕೊಳ್ಳುತ್ತಿದ್ದರು. ಅದು ಅನ್ಯಾಯದ ಮಾತು. ಮೂಗು ತೂರಿಸುವವರಿಗೆ ತಿಳಿದದ್ದನ್ನು ಊರೆಲ್ಲ ಹಂಚುವ ಚಟ ಇರುತ್ತದೆ. ಆರ್ಡಿಸ್‌ಗೆ ತಿಳಿದರೆ ಸಾಕು, ಆಮೇಲೆ ಬಾಯಿ ಬಿಡುತ್ತಿರಲಿಲ್ಲ.

ಅಂಥವಳ ಮನೆಯಲ್ಲೇ ಒಂದು ಗುಟ್ಟು ಮದುವೆಯಾದಾಗಿನಿಂದ ಕಾಲು ಚಾಚಿ ಕೂತಿತ್ತು. ಗಂಡ ಲೈಲ್ ಬೆಟ್ಟ ಹತ್ತುವ ಕಣಿವೆಯ ರಸ್ತೆಯಲ್ಲಿ ಹಿಮ ತೆಗೆಯುವ ಗಾಡಿ ಓಡಿಸುತ್ತಿದ್ದವನು. ಬೇಸಿಗೆ ಬಂದರೆ ಕಣಿವೆಯ ಮೇಲಿನ ಕೆಟಲ್ ಲೇಕ್ ಎಂಬ ಸಣ್ಣ ಸರೋವರಕ್ಕೆ ಹೋಗಿ, ಫ್ಲೋಟ್ ಟ್ಯೂಬ್ ಎಂಬ ಗಾಳಿ ತುಂಬಿದ ತೇಲುವ ಆಸನದಲ್ಲಿ ಕೂತು, ಕಾಲಿಗೆ ರಬ್ಬರಿನ ಈಜುಪಾದ ಕಟ್ಟಿಕೊಂಡು ಆಚೆ ದಡದ ಬಂಡೆಯ ಬುಡಕ್ಕೆ ತೇಲಿಕೊಂಡು ಹೋಗುತ್ತಿದ್ದ. ಅಲ್ಲಿ ಟ್ರೌಟ್ ಮೀನುಗಳು ಮೇಲೆದ್ದು ಏನನ್ನೋ ಗಬಗಬ ತಿನ್ನುತ್ತವೆ. ಏನನ್ನು? ಅದೊಂದನ್ನು ಅವನು ಹೇಳುತ್ತಿರಲಿಲ್ಲ. ಹಿಡಿದ ಮೀನನ್ನು ಅಲ್ಲೇ ಬಿಡಬೇಕೆಂಬ ನಿಯಮವಿದ್ದುದರಿಂದ ಮನೆಗೆ ತಂದು ಹೊಟ್ಟೆ ಸೀಳಿ ನೋಡುವಂತೆಯೂ ಇರಲಿಲ್ಲ. ಮೀನು ತಿನ್ನುವ ಹುಳದಂತೆಯೇ ಪುಕ್ಕದಿಂದ ಮಾಡಿ ಗಾಳಕ್ಕೆ ಕಟ್ಟಿದ್ದ ಹುಸಿಹುಳವನ್ನು ಆ ಕಳ್ಳ ದಡಕ್ಕೆ ಬರುವ ಮೊದಲೇ ಬಿಚ್ಚಿ ಡಬ್ಬಿಗೆ ಹಾಕಿಬಿಡುತ್ತಿದ್ದ. ಡಬ್ಬಿಯಲ್ಲೋ, ನೂರೆಂಟು ಬಗೆಯ ಹುಳಗಳು.

"ಏನು ತಿಂತಾವೆ ಹೇಳು ಮಾರಾಯ," ಎಂದು ಅವಳು ಪ್ರತಿ ವರ್ಷ ಕೇಳುತ್ತಿದ್ದಳು.

"ನೀನೇ ಬಂದು ನೋಡು," ಎಂದು ಅವನು ಪ್ರತಿ ವರ್ಷ ನಗುತ್ತಿದ್ದ.

ಅವಳು ಹೋಗಲಾರಳೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಆಳದ ನೀರೆಂದರೆ ಆರ್ಡಿಸ್‌ಗೆ ಜೀವಭಯ. ಕೆಳಗೆ ನೆಲವಿಲ್ಲದ ಕಡೆ ಕಾಲು ಇಳಿಬಿಟ್ಟು ಕೂರುವುದನ್ನು ನೆನೆದರೇ ಅವಳು ಕಾಲು ಮೇಲೆಳೆದುಕೊಳ್ಳುತ್ತಿದ್ದಳು. ಹೀಗಾಗಿ ಅವನು ಆಚೆ, ಅವಳು ಈಚೆ ದಡದಲ್ಲಿ. ಮನೆಗೆ ಬರುವಾಗ ಅವನು, "ಇವತ್ತು ನೀನು ಅಳಿಲಿಗೆ ಅರ್ಧ ರೊಟ್ಟಿ ಹಾಕಿದೆ, ಆಮೇಲೆ ಬಾಯಿ ತೆರ್ಕೊಂಡು ಗೊರಕೆ ಹೊಡೆದೆ," ಎಂದು ರೇಗಿಸುತ್ತಿದ್ದ. ಊಹೆಯ ಮೇಲೆ ಹೇಳುತ್ತಾನೆ ಎಂದೇ ಅವಳು ತಿಳಿದಿದ್ದಳು.

ಹೋದ ಚಳಿಗಾಲದಲ್ಲಿ ಲೈಲ್‌ನ ಸೊಂಟದ ಕೀಲು ಬದಲಿಸಿದರು. ನಡೆಯುವುದಕ್ಕೆ ಕೋಲು ಬಂತು. ಟ್ಯೂಬಿನಲ್ಲಿ ಕೂತು ಕಾಲು ಬಡಿಯುವುದು ಇನ್ನು ಬೇಡ ಎಂದರು ಡಾಕ್ಟರು. ಅಲ್ಲಿಂದ ಅವನು ಕಿಟಕಿಯ ಪಕ್ಕ ಕೂತವನು ಕೂತೇ ಇದ್ದ. ಆರ್ಡಿಸ್‌ಗೆ ಹೆದರಿಕೆ ಹುಟ್ಟಿಸಿದ್ದು ಅವನ ನೋವಲ್ಲ, ಅವನು ಏನನ್ನೂ ಕೇಳದೆ ಹೋದದ್ದು. ಕಣಿವೆಯ ರಸ್ತೆ ತೆರೆಯಿತೇ ಎಂದು ಕೇಳಲಿಲ್ಲ, ಮಂಜು ಕರಗಿತೇ ಎಂದು ಕೇಳಲಿಲ್ಲ. ಊಟಕ್ಕೆ ಏನೆಂದೂ ಕೇಳಲಿಲ್ಲ, ಹಾಕಿದ್ದನ್ನು ತಿಂದು ಎದ್ದ. ಏನೂ ಕೇಳದ ಮನುಷ್ಯನ ಜೊತೆ ಬದುಕುವುದು ಹೇಗೆಂದು ಅವಳಿಗೆ ತಿಳಿಯಲಿಲ್ಲ. ಅವನನ್ನು ಮತ್ತೆ ಆ ಬಂಡೆಯ ಬುಡಕ್ಕೆ ಮುಟ್ಟಿಸದಿದ್ದರೆ ಅವನು ಆ ಕಿಟಕಿಯಲ್ಲೇ ಕಳೆದುಹೋಗುತ್ತಾನೆ ಅನ್ನಿಸಿತು.

ಹಾಗಾಗಿ ಅವನನ್ನು ಹೆಚ್ಚುಕಡಿಮೆ ಎಳೆದುಕೊಂಡೇ ಗ್ರೇಡಿಯ ಮೀನುಗಾಳದ ಅಂಗಡಿಗೆ ಹೋದಳು. ಗ್ರೇಡಿ ಹಿಂದೊಮ್ಮೆ ಅವಳ ಕೈಯಿಂದ ಬಟಾಣಿ ಬೇಡವೆನ್ನುತ್ತಲೇ ಬಡಿಸಿಕೊಳ್ಳುತ್ತಿದ್ದ ಹುಡುಗ, ಈಗ ಗಡ್ಡದ ಯಜಮಾನ. ಆರ್ಡಿಸ್ ಅಂಗಡಿಯ ನೆಲದ ಮೇಲಿದ್ದ ಒಂದೊಂದು ಟ್ಯೂಬಿನಲ್ಲೂ ಕೂತಳು. ದುಂಡಗಿನದಕ್ಕೆ ತೂರಿಕೊಂಡವಳನ್ನು ಹೊರಗೆಳೆಯಲು ಗ್ರೇಡಿಯೇ ಕೈ ಕೊಡಬೇಕಾಯಿತು. ಲಾಳದ ಆಕಾರದ್ದಕ್ಕೆ ಮುಂದುಗಡೆ ಬಾಯಿ ಇತ್ತು, ಕೂರುವುದು ಸಲೀಸು, ಆದರೆ ಕಾಲು ನೀರಿನಲ್ಲೇ. ಆಮೇಲೆ ಪಾಂಟೂನು ದೋಣಿ. ಅಕ್ಕಪಕ್ಕ ಎರಡು ಉದ್ದನೆಯ ಗಾಳಿಕೊಳವೆ, ನಡುವೆ ಕಬ್ಬಿಣದ ಚೌಕಟ್ಟು, ಅದರ ಮೇಲೆ ಕುರ್ಚಿ.

"ಇದರಲ್ಲಿ ಕಾಲು ಎಲ್ಲಿರುತ್ತೆ?"

"ನೀರಿನ ಮೇಲೆ. ಈ ಪಟ್ಟಿ ಮೇಲಿಟ್ಕೊಂಡು ಕೈಯಲ್ಲಿ ಹುಟ್ಟು ಹಾಕೋದು. ಆದ್ರೆ ನೋಡೀಮ್ಮ, ನೀರಿಗೆ ಬಿಟ್ರೆ ಎಲ್ಲಾನೂ ತೇಲುತ್ತೆ. ನೀರಿನ ತನಕ ಹೊರೋರು ಯಾರು, ಅದನ್ನ ಮೊದಲು ಹೇಳಿ," ಎಂದ ಗ್ರೇಡಿ.

"ನಾನು," ಎಂದಳು ಆರ್ಡಿಸ್.

"ಶಾಲೇಲಿ ಆಲೂಗಡ್ಡೆ ಮೂಟೆ ಹೊತ್ತಿರೋಳಪ್ಪ ಇವಳು," ಎಂದು ಲೈಲ್ ಬಾಯಿ ಹಾಕಿದ. "ಬೇಕಾದ್ರೆ ನನ್ನನ್ನೂ ದೋಣೀಲಿ ಕೂರಿಸಿ ಹೊತ್ಕೊಂಡು ಹೋಗ್ತಾಳೆ."

ಶಸ್ತ್ರಚಿಕಿತ್ಸೆಯಾದ ಮೇಲೆ ಅವನ ಬಾಯಿಂದ ಬಂದ ಮೊದಲ ತಮಾಷೆ ಅದು. ಆರ್ಡಿಸ್ ಅಲ್ಲೇ ತೀರ್ಮಾನ ಮಾಡಿದಳು. ಹಿಂದುಗಡೆ ಒಂದು ಪುಟ್ಟ ಚಕ್ರ ಇದ್ದುದರಿಂದ ಕೈಗಾಡಿಯಂತೆ ಎಳೆಯಬಹುದಿತ್ತು. ಹೊರುವ ಪ್ರಶ್ನೆ ಅಲ್ಲಿಗೆ ಮುಗಿಯಿತು.

ಹೊರಡುವ ಬೆಳಗ್ಗೆ ಅಂಗಳದಲ್ಲಿ ಮೈ ಕೊರೆಯುವ ಚಳಿ. ಅವಳು ಪಂಪು ಒತ್ತುತ್ತಿದ್ದರೆ ಲೈಲ್ ಗೆಣ್ಣಿನಿಂದ ಕೊಳವೆಗಳನ್ನು ಕುಟ್ಟಿ ಕುಟ್ಟಿ ನೋಡಿದ. "ಇನ್ನೂ ಒತ್ತು. ಡೋಲಿನ ಹಾಗೆ ಸದ್ದು ಬರಬೇಕು." ಡೋಲಿನ ಹಾಗೆ ಸದ್ದು ಬಂತು. ಇಬ್ಬರೂ ಸೇರಿ ಅದನ್ನು ಕಾರಿನ ಮೇಲೆ ಬೋರಲು ಹಾಕಿ ಪಟ್ಟಿ ಬಿಗಿದರು. ಲೈಲ್‌ನ ಹಳೆಯ ಟ್ಯೂಬನ್ನೂ ಆರ್ಡಿಸ್ ಗಾಳಿ ತೆಗೆದು ಮಡಚಿ ಹಿಂದೆ ಹಾಕಿಕೊಂಡಳು. ದಡದ ಕಲ್ಲಿನ ಮೇಲೆ ಕೂರಲು ಮೆತ್ತಗಿರುತ್ತದೆ.

ಕಾರು ವೇಗ ಹಿಡಿಯುತ್ತಲೇ ತಲೆಯ ಮೇಲೆ ಗುಂಯ್ ಎಂದು ಶುರುವಾಯಿತು.

"ಏನದು ಹಾಡ್ತಾ ಇರೋದು?" ಸ್ಟೇರಿಂಗ್ ಹಿಡಿದಿದ್ದ ಆರ್ಡಿಸ್ ಕೇಳಿದಳು.

"ಪಟ್ಟಿ. ಚಪ್ಪಟೆಯಾಗಿ ಬಿಗಿದ್ರೆ ಗಾಳೀಲಿ ಅದುರುತ್ತೆ. ನಿಲ್ಲಿಸು." ಅವನು ಕೋಲೂರಿಕೊಂಡು ಇಳಿದು, ಪಟ್ಟಿಗೊಂದು ತಿರುವು ಹಾಕಿ ಮತ್ತೆ ಬಿಗಿದ. ಹಾಡು ನಿಂತಿತು. ಅಂಥದೊಂದು ಕಿಲಾಡಿ ಉಪಾಯ ತನಗೆ ಗೊತ್ತಿದೆಯೆಂಬ ಬಿಗುಮಾನದಲ್ಲಿ ಅವನು ಒಳಗೆ ಬಂದು ಕೂತ. ಅವನ ಆ ಮುಖ ನೋಡಿ ಎಷ್ಟು ತಿಂಗಳಾಗಿತ್ತೋ.

ಕಣಿವೆಯ ತುದಿ ಹತ್ತಿರವಾಗುವಾಗ ಬಿಸಿಲು ಚುರುಕಾಗಿತ್ತು. ಇಬ್ಬರ ನಡುವೆ ಇಟ್ಟಿದ್ದ ಚಿಪ್ಸ್ ಪೊಟ್ಟಣದ ಮೇಲೆ ಆರ್ಡಿಸ್‌ಳ ಕಣ್ಣು ಬಿತ್ತು.

"ಲೈಲ್, ಇದು ಯಾಕೆ ಹೀಗೆ ಉಬ್ಬಿದೆ? ಹೊರಡೋವಾಗ ಹೀಗಿರಲಿಲ್ಲ."

"ಮೇಲೆ ಬಂದ ಹಾಗೆ ಹೊರಗಿನ ಗಾಳಿ ತೆಳ್ಳಗಾಗುತ್ತೆ ಕಣೇ. ಒಳಗಿರೋದು ಊರಿನ ಗಾಳಿ, ಅದಕ್ಕೆ ಜಾಗ ಸಾಲಲ್ಲ, ಉಬ್ಬುತ್ತೆ. ಬಿಸಿಲು ಬಿದ್ರಂತೂ ಕೇಳಲೇ ಬೇಡ. ಹಿಮ ತೆಗೆಯೋವಾಗ ನನ್ನ ಗಾಡೀಲಿ ಎಷ್ಟು ಪೊಟ್ಟಣ ಒಡೆದಿವೆ ಅಂದ್ರೆ..."

ತಲೆಯ ಮೇಲೆ ಢಮಾರೆಂದಿತು. ಇಬ್ಬರೂ ಚಿಪ್ಸ್ ಪೊಟ್ಟಣ ನೋಡಿದರು. ಅದಕ್ಕೇನೂ ಆಗಿರಲಿಲ್ಲ.

ಕೆಳಗಿಳಿದು ನೋಡಿದರೆ ಒಂದು ಕೊಳವೆ ಡೋಲಿನಂತೆಯೇ ಇತ್ತು, ಇನ್ನೊಂದು ಒದ್ದೆ ಕಾಲುಚೀಲದಂತೆ ಜೋತುಬಿದ್ದಿತ್ತು. ಒಳಗಿನ ಬ್ಲ್ಯಾಡರ್, ಅಂದರೆ ಗಾಳಿಚೀಲ, ಉದ್ದಕ್ಕೂ ಸೀಳಿತ್ತು. ಈ ಕಣಿವೆಯ ಗಾಳಿ, ಮಂಜು, ಬಿಸಿಲು ಎಲ್ಲವನ್ನೂ ಅರೆದು ಕುಡಿದಿದ್ದ ಲೈಲ್‌ಗೆ ಇನ್ನೂ ಒತ್ತು ಎನ್ನುವಾಗ ತನ್ನ ಪಾಠ ತನಗೇ ನೆನಪಾಗಿರಲಿಲ್ಲ. ಆರ್ಡಿಸ್‌ಗೆ ನಗು ಒತ್ತರಿಸಿ ಬಂತು, ಅವನ ಮುಖ ನೋಡಿ ನುಂಗಿಕೊಂಡಳು.

"ಸಾಕು ಬಿಡು," ಎಂದ ಅವನು. "ವಾಪಸ್ ಕೊಟ್ಟುಬಿಡೋಣ. ನನಗೆ ಇನ್ನೇನೂ ಬೇಡ."

"ಸರಿ. ಆದ್ರೆ ಮಾಡಿರೋ ಸ್ಯಾಂಡ್‌ವಿಚ್ ಸರೋವರದ ಹತ್ತಿರಾನೇ ತಿನ್ನೋಣ."

ದಡದಲ್ಲಿ ಅವನು ತಿನ್ನಲಿಲ್ಲ. ಕೋಲಿನ ಮೇಲೆ ಗದ್ದವಿಟ್ಟು ಆಚೆ ಬಂಡೆಯನ್ನು ನೋಡುತ್ತ ಕೂತ. ಅಲ್ಲಿ ಮಧ್ಯಾಹ್ನದ ಬಿಸಿಲಿನಲ್ಲಿ ಮೀನುಗಳು ಮೇಲೇಳುತ್ತಿದ್ದವು, ನೀರಿನ ಮೇಲೆ ಬಳೆಬಳೆಯಾಗಿ ಅಲೆ ಹರಡುತ್ತಿತ್ತು. ಅವನು ಹಾಗೇ ಮುಖ ತಿರುಗಿಸಿಕೊಂಡ. ಆ ಕ್ಷಣಕ್ಕೆ ಆರ್ಡಿಸ್‌ಗೆ ಸಿಟ್ಟು ಬಂತು. ಅವನ ಮೇಲೆ, ಸೊಂಟದ ಮೇಲೆ, ಆ ಹಾಳು ಬ್ಲ್ಯಾಡರಿನ ಮೇಲೆ. ಎದ್ದು ಹೋಗಿ ತಾನು ಕೂರಲೆಂದು ತಂದಿದ್ದ ಟ್ಯೂಬಿಗೆ ಪಂಪು ಹಚ್ಚಿದಳು.

"ಏನ್ಮಾಡ್ತಿದೀಯ?"

"ನೀನೇ ತಾನೇ ಬಂದು ನೋಡು ಅಂತಿದ್ದದ್ದು."

"ಮಾರಾಯ್ತಿ, ನಿನಗೆ ಸ್ನಾನದ ತೊಟ್ಟಿ ಕಂಡ್ರೇ ಭಯ."

"ಅದಕ್ಕೇ ಬೇಗ ಹೇಳಿಕೊಡು, ಧೈರ್ಯ ಆರಿಹೋಗೋದ್ರೊಳಗೆ."

ನೀರು ಹೊಗದ ಅವನ ಎದೆಮಟ್ಟದ ಪ್ಯಾಂಟು ಅವಳಿಗೆ ಕಂಕುಳ ತನಕ ಬಂತು. ಈಜುಪಾದ ಕಟ್ಟಿಕೊಂಡು ಒಂದು ಹೆಜ್ಜೆ ಇಟ್ಟವಳು ಮುಗ್ಗರಿಸಿದಳು.

"ಮುಂದಕ್ಕಲ್ಲ ಕಣೇ, ಹಿಂದಕ್ಕೆ ನಡಿ," ಎಂದ ಲೈಲ್. "ನೀರಿಗಿಳಿಯೋದೂ ಹಿಂದಕ್ಕೆ, ತೇಲೋದೂ ಹಿಂದಕ್ಕೆ. ಕಾಲು ಬಡಿದ ಹಾಗೆ ಬೆನ್ನ ಕಡೆ ಹೋಗುತ್ತೆ."

"ಎಲ್ಲಿಗೆ ಹೋಗ್ತಿದೀನಿ ಅಂತ ಗೊತ್ತಾಗೋದು ಹೇಗೆ?"

"ಆಗಾಗ ಕತ್ತು ತಿರುಗಿಸಿ ನೋಡ್ಕೋ."

ನೆಲ ಕಾಲಿನಿಂದ ಜಾರಿದಾಗ ಆರ್ಡಿಸ್ ಕಾಲು ಬಡಿಯುವುದನ್ನೇ ಮರೆತಳು. ಟ್ಯೂಬಿನ ಎರಡೂ ಕಿವಿ ಹಿಡಿದು ಕಣ್ಣು ಮುಚ್ಚಿಕೊಂಡಳು. ಕೆಳಗೆ ಎಷ್ಟು ಆಳವೋ, ಏನೇನಿದೆಯೋ. ಏನಿರಬಹುದು ಎಂಬ ಯೋಚನೆ ಬಂದದ್ದೇ ಕಣ್ಣು ತಾನಾಗಿ ತೆರೆಯಿತು. ಭಯ ಹೋಗಲಿಲ್ಲ, ಜೊತೆಯಲ್ಲೇ ಕೂತಿತ್ತು. ಕಾಲು ಬಡಿದಳು. ಲೈಲ್ ಚಿಕ್ಕವನಾಗುತ್ತ ಹೋದ. ಕೋಲು ಊರಿ ನಿಂತವನು ಕೂರಲೇ ಇಲ್ಲ. ಅವಳು ಎಷ್ಟು ಬಡಿದರೂ ಕಣ್ಣ ಮುಂದೆ ಇರುವುದು ಒಂದೇ, ಬಿಟ್ಟುಬಂದ ಆ ದಡ ಮತ್ತು ಅಲ್ಲಿರುವ ಮನುಷ್ಯ.

ಆಗ ಅವಳಿಗೆ ಹೊಳೆಯಿತು. ಅಳಿಲು, ರೊಟ್ಟಿ, ಗೊರಕೆ ಯಾವುದೂ ಊಹೆಯಾಗಿರಲಿಲ್ಲ. ತನ್ನನ್ನು ಬಿಟ್ಟು ಮೀನಿನ ಹಿಂದೆ ಹೋದ ಎಂದು ಅವಳು ಮುನಿಸಿಕೊಂಡ ದಿನಗಳಲ್ಲೆಲ್ಲ ಅವನು ಇಷ್ಟು ದೂರವೂ ಅವಳ ಕಡೆಗೇ ಮುಖ ಮಾಡಿಕೊಂಡು ಹೋಗಿದ್ದ. ಅವಳ ಕಣ್ಣು ತುಂಬಿತು. ಒರೆಸಿಕೊಳ್ಳಲು ಟ್ಯೂಬು ಬಿಡುವ ಧೈರ್ಯವಾಗದೆ ಹಾಗೇ ಬಿಟ್ಟಳು.

ಬೆನ್ನಿಗೆ ಬಂಡೆಯ ಬಿಸಿ ತಾಕಿತು. ತಿರುಗಿ ನೋಡಿದಳು. ಮೇಲಿನ ಬಿರುಕುಗಳಿಂದ ಗಾಳಿಗೆ ಉದುರುತ್ತಿದ್ದವು, ರೆಕ್ಕೆಯ ಇರುವೆಗಳು. ನೀರಿಗೆ ಬಿದ್ದು ಒದ್ದಾಡುತ್ತಿದ್ದಂತೆ ಕೆಳಗಿನಿಂದ ಒಂದು ಬಾಯಿ ಬಂದು ಸದ್ದಿಲ್ಲದೆ ಒಳಗೆಳೆದುಕೊಳ್ಳುತ್ತಿತ್ತು. ಅಷ್ಟೇ. ಇಷ್ಟು ವರ್ಷದ ಗುಟ್ಟು ಬರೀ ಇರುವೆ. ಒಂದು ಇರುವೆ ಅವಳ ತೋಳಿನ ಮೇಲೇ ಬಿತ್ತು. ಅದನ್ನು ಹತ್ತಿರ ಹಿಡಿದು ನೋಡಿ, ಊದಿ ನೀರಿಗೆ ಬಿಟ್ಟಳು. ಮೀನು ತಿಂದಿತು. ಶಾಲೆಯಲ್ಲಿ ಯಾವ ಮಗು ತಟ್ಟೆ ಖಾಲಿ ಮಾಡಿದಾಗಲೂ ಇಷ್ಟು ಖುಷಿಯಾಗಿರಲಿಲ್ಲ.

ಮತ್ತೆ ದಡದ ಕಡೆ ನೋಡಿದರೆ ಲೈಲ್‌ನ ಮುಖ ಕಾಣಲಿಲ್ಲ, ಬೆನ್ನು ಕಂಡಿತು. ಕೋಲೂರಿಕೊಂಡು ಅವನು ನೀರಿಗೆ ಹಿಂದಕ್ಕೆ ನಡೆಯುತ್ತಿದ್ದ. ಒಂದು ಹೆಜ್ಜೆ, ಇನ್ನೊಂದು. ಮೊಣಕಾಲು ಮುಳುಗಿದಾಗ ಸೊಂಟ ವಾಲಿತು, ಕೋಲು ಅಲುಗಿತು. ಅವನು ಸಾವರಿಸಿಕೊಂಡು ಸ್ವಲ್ಪ ಹೊತ್ತು ಹಾಗೇ ನಿಂತ. ಆಮೇಲೆ ದಡ ಹತ್ತಿ, ಏನೂ ಆಗಿಲ್ಲವೆಂಬಂತೆ ಕಲ್ಲಿನ ಮೇಲೆ ಕೂತ.

ಅವಳು ಮರಳಿದಾಗ ಅವನು ಆಕಳಿಸಿ ತೋರಿಸಿದ. "ಒಂದು ನಿದ್ದೆ ಆಯ್ತು ನನಗೆ."

"ಪ್ಯಾಂಟು ಯಾಕೆ ಒದ್ದೆ?"

"ಕೈ ತೊಳೆಯೋಕೆ ಇಳಿದಿದ್ದೆ."

"ಹಿಂದಕ್ಕೆ ನಡ್ಕೊಂಡಾ?"

ಲೈಲ್ ತಲೆ ತಗ್ಗಿಸಿದ. "ಅಲ್ಲಿಂದ ಎಲ್ಲಾ ಕಾಣುತ್ತೆ ಅನ್ನೋದು ಮರ್ತಿದ್ದೆ," ಎಂದ.

"ಇಷ್ಟು ವರ್ಷ ನನ್ನನ್ನೇ ನೋಡ್ತಾ ಇದ್ದೆಯಾ ನೀನು?"

"ಟ್ಯೂಬು ತಿರುಗಿರೋದೇ ಆ ಕಡೆ ಕಣೇ, ನಾನೇನ್ಮಾಡ್ಲಿ?" ಎಂದ, ಕಿವಿ ಕೆಂಪಗಾಗಿತ್ತು.

ಅವಳು ಕೂತು ಈಜುಪಾದ ಬಿಚ್ಚತೊಡಗಿದಳು. ಬಂಡೆಯ ವಿಷಯ ಎತ್ತಲೇ ಇಲ್ಲ. ಕೊನೆಗೆ ಅವನೇ ತಡೆಯಲಾರದೆ ಕೇಳಿದ.

"ನೋಡಿದೆ ತಾನೇ? ಇರುವೆ."

ಅಷ್ಟು ವರ್ಷ ಕಾಪಾಡಿದ ಗುಟ್ಟು ಅವನ ಬಾಯಿಂದಲೇ ಉದುರಿತು. ಆರ್ಡಿಸ್ ತಲೆಯೆತ್ತಲಿಲ್ಲ.

"ಇರುವೆ ಅಲ್ಲ," ಎಂದಳು.

"ಅಲ್ವಾ? ಈ ತಿಂಗಳಲ್ಲಿ, ಈ ಬಿಸಿಲಲ್ಲಿ, ಇರುವೇನೇ ಇರಬೇಕು."

"ಇರಬೇಕಿತ್ತೇನೋ. ಇವತ್ತು ಬೇರೆ ಏನೋ ತಿಂತಿದ್ವು."

"ಮತ್ತೇನು?"

"ನೀನೇ ಬಂದು ನೋಡು."

ಕಾರು ಕಣಿವೆ ಇಳಿಯುವಾಗ ಚಿಪ್ಸ್ ಪೊಟ್ಟಣ ಮತ್ತೆ ಕುಗ್ಗಿತು. ಲೈಲ್‌ಗೆ ಅದರ ಪರಿವೆಯಿರಲಿಲ್ಲ. ರೆಕ್ಕೆ ಇತ್ತೇ ಎಂದು ಕೇಳಿದ. ಬಣ್ಣ ಕಂದೋ ಹಸುರೋ, ಮೀನು ನೀರು ಚಿಮ್ಮಿಸಿ ತಿಂದಿತೋ ಮೆಲ್ಲಗೆ ಹೀರಿತೋ ಎಂದು ಕೇಳಿದ. ಆರ್ಡಿಸ್ ಬಾಯಿ ಬಿಡಲಿಲ್ಲ. ಊರಿನ ಮೊದಲ ಮನೆಗಳು ಕಂಡಾಗ ಅವನು ಕಿಟಕಿಯಿಂದ ಕತ್ತು ಹೊರಹಾಕಿ ಮೇಲಿನ ಜೋತುಬಿದ್ದ ಕೊಳವೆಯನ್ನು ನೋಡಿದ.

"ಗ್ರೇಡಿ ಅಂಗಡಿ ಎಷ್ಟು ಹೊತ್ತಿಗೆ ಮುಚ್ತಾನೆ?" ಎಂದ.

ಆರ್ಡಿಸ್ ಕಾರಿನ ವೇಗ ಹೆಚ್ಚಿಸಿದಳು.