ಕಿಟಕಿ ಕಟ್ಟೆಯ ಮೇಲಿನ ಎತ್ತುಗಳು

ನನ್ನ ಮಗಳು ಎರಡು ವಾರಕ್ಕೊಮ್ಮೆ ಶುಕ್ರವಾರ ಸಂಜೆ ನನ್ನ ಮನೆಗೆ ಬರುತ್ತಾಳೆ, ಭಾನುವಾರ ಸಂಜೆ ಹೋಗುತ್ತಾಳೆ. ನಾನೂ ಅವಳ ಅಮ್ಮನೂ ಬೇರೆಯಾದಾಗ ಅವಳಿಗೆ ಮೂರು ವರ್ಷ. ಮ್ಯೂನಿಕ್‌ನ ಆ ತುದಿಗೆ ಅವರ ಮನೆ, ಈ ತುದಿಗೆ ನನ್ನದು. ಕೂಗಾಟವಿಲ್ಲದೆ ಬೇರೆಯಾದೆವೆಂದು ನಾವಿಬ್ಬರೂ ಒಳಗೊಳಗೇ ಹೆಮ್ಮೆಪಟ್ಟುಕೊಂಡಿದ್ದೆವು. ಮಗಳು ಮಾತ್ರ ಮೊದಲ ನಾಲ್ಕೈದು ಸಲ ನನ್ನ ಮನೆಗೆ ಬಂದಾಗ ಶೂ ಬಿಚ್ಚಲೇ ಇಲ್ಲ. ಬಾಗಿಲ ಬಳಿ ಜಾಕೆಟ್ ಹಾಕಿಕೊಂಡೇ ಕೂತು, ಅಮ್ಮ ಯಾವಾಗ ಬರುತ್ತಾಳೆಂದು ಕೇಳುತ್ತಿದ್ದಳು.

ಶೂ ಬಿಚ್ಚಿಸಿದ್ದು ಕಾಸ್ಟಾನಿಯೆ ಕಾಯಿಗಳು. ಅಕ್ಟೋಬರ್‌ನಲ್ಲಿ ಇಲ್ಲಿನ ಪಾರ್ಕುಗಳ ತುಂಬ ಬೀಳುವ ಈ ಕಂದು ಕಾಯಿಗಳನ್ನು ಮಕ್ಕಳು ಆರಿಸಿ ತಂದು, ಹಲ್ಲುಕಡ್ಡಿ ಚುಚ್ಚಿ ಗೊಂಬೆ ಮಾಡುತ್ತಾರೆ. ಉಂಟರ್‌ಫ್ಯೋರಿಂಗ್‌ನ ಆಫೀಸಿನಲ್ಲಿ ಕೂತು ಬೇರೆಯವರ ಸಾಫ್ಟ್‌ವೇರ್ ಕೋಡಿನಲ್ಲಿ ತಪ್ಪು ಹುಡುಕುವ ನಾನು, ವಿಡಿಯೊ ನೋಡಿ ನೋಡಿ ಕಾಯಿಗೆ ತೂತು ಕೊರೆಯುವುದನ್ನು ಕಲಿತೆ. ಬೆರಳಿಗೂ ಒಂದೆರಡು ತೂತಾದವು. ಅವಳು ಒಂದು ಕುದುರೆ, ಒಂದು ಮುಳ್ಳುಹಂದಿ ಮಾಡಿದಳು. ಅವನ್ನು ಅಡುಗೆಮನೆಯ ಕಿಟಕಿ ಕಟ್ಟೆಯ ಮೇಲೆ ಇಟ್ಟೆವು. ಭಾನುವಾರ ಹೊರಡುವಾಗ ಅವಳು ತಿರುಗಿ ನೋಡಿದಳು.

"ಇವು ಇಲ್ಲೇ ಇರ್ತಾವಾ ಪಪ್ಪಾ?"

"ನೀ ಬರೂತನಕ ಇಲ್ಲೇ ಇರ್ತಾವ. ಯಾರೂ ಮುಟ್ಟಂಗಿಲ್ಲ," ಎಂದೆ.

ಮುಂದಿನ ಸಲ ಅವಳು ಶೂ ಹಾಕಿಕೊಂಡೇ ಅಡುಗೆಮನೆಗೆ ಓಡಿ, ಕುರ್ಚಿ ಹತ್ತಿ, ಕುದುರೆಯನ್ನೂ ಮುಳ್ಳುಹಂದಿಯನ್ನೂ ನೋಡಿದಳು. ಆಮೇಲೆ ತಾನಾಗಿಯೇ ಕೆಳಗೆ ಕೂತು ಶೂ ಬಿಚ್ಚಿದಳು. ಅವತ್ತು ಬಾತ್‌ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತುಬಿಟ್ಟೆ.

ಅಲ್ಲಿಂದ ಅದೇ ನಮ್ಮ ಮನೆಯ ಕಾನೂನು. ನವೆಂಬರ್‌ನಲ್ಲಿ ಬಲೂನಿನ ಮೇಲೆ ಬಣ್ಣದ ಕಾಗದ ಅಂಟಿಸಿ ಕಂದೀಲು ಮಾಡಿದೆವು. ಗೋಂದು ಒಣಗಲು ಎರಡು ದಿನ ಸಾಕಿತ್ತು, ಅವಳು ಮತ್ತೆ ಬರಲು ಎರಡು ವಾರವಾಯಿತು, ಕಾದೆವು. ಜನವರಿಯಲ್ಲಿ ತಟ್ಟೆಯ ನೀರಿಗೆ ಕಿತ್ತಳೆ ಸಿಪ್ಪೆ ಹಾಕಿ ಬಾಲ್ಕನಿಯಲ್ಲಿಟ್ಟು, ಹೆಪ್ಪುಗಟ್ಟಿದ ಮೇಲೆ ದಾರ ಕಟ್ಟಿ ತೂಗುಹಾಕಿದೆವು. ಅದು ಕರಗುತ್ತದೆಂದು ಗೊತ್ತಿದ್ದರಿಂದ, ಅವಳು ಹೋದ ಮೇಲೆ ಬಿಚ್ಚಿ ಫ್ರೀಜರಿನಲ್ಲಿ ಇಟ್ಟೆ. ಬಟಾಣಿ ಪೊಟ್ಟಣ ಇಡಲು ಜಾಗವಿರಲಿಲ್ಲ. ಏಪ್ರಿಲ್‌ನಲ್ಲಿ ಮೊಟ್ಟೆ ಚಿಪ್ಪಿನಲ್ಲಿ ಸೊಪ್ಪು ಬೆಳೆಸಿ, ಚಿಪ್ಪಿಗೆ ಮುಖ ಬರೆದೆವು. ಬಾಡಿದ ಸೊಪ್ಪನ್ನೂ ನಾನು ಎಸೆಯಲಿಲ್ಲ. ಮನೆಗೆ ಬಂದ ಗೆಳೆಯನೊಬ್ಬ, "ಏನೋ ಗುರು, ಮ್ಯೂಸಿಯಂ ಮಾಡಿದೀಯಲ್ಲ," ಎಂದು ನಕ್ಕ. ಮುಟ್ಟಬೇಡವೆಂದು ಅವನಿಗೆ ಸ್ವಲ್ಪ ಜೋರಾಗಿಯೇ ಹೇಳಿದೆ.

ಜೂನ್‌ನಲ್ಲಿ ಮಣ್ಣೆತ್ತಿನ ಅಮಾವಾಸ್ಯೆ ಅವಳು ಬರುವ ವಾರಾಂತ್ಯಕ್ಕೇ ಬಂತು. ಬಾಗಲಕೋಟೆ ಕಡೆಯ ನಮಗೆ ಅದು ದೊಡ್ಡ ಹಬ್ಬ. ಮಳೆಗಾಲದ ಹೊಸ್ತಿಲಲ್ಲಿ ಮನೆಮನೆಯಲ್ಲೂ ಮಣ್ಣಿನ ಜೋಡಿ ಎತ್ತು ಮಾಡಿ ಪೂಜಿಸುತ್ತೇವೆ. ಮಂಗಳೂರಿನ ಅವಳ ಅಮ್ಮನಿಗೆ ಈ ಹಬ್ಬ ಗೊತ್ತಿಲ್ಲ. ಹಾಗಾಗಿ ಇದು ಮಗಳಿಗೆ ನನ್ನಿಂದಲೇ ಸಿಗಬೇಕಾದದ್ದು ಎಂಬ ಹುರುಪು ನನಗೆ. ಮಡಕೆ ಮಾಡುವ ಮಣ್ಣು ತಂದೆ. ಅವಳು ಮಣ್ಣನ್ನು ಉದ್ದಕ್ಕೆ ಹೊಸೆದಳು, ನಾನು ಚಿವುಟಿ ಕಾಲು ಎಳೆದೆ. ಬೆನ್ನ ಮೇಲೆ ಡುಬ್ಬ ಇಟ್ಟಾಗ ಅವಳು ಒಪ್ಪಲಿಲ್ಲ. ಇಲ್ಲಿನ ದನಗಳಿಗೆ ಡುಬ್ಬವಿಲ್ಲ. ನಮ್ಮೂರ ಎತ್ತಿಗೆ ಇರುತ್ತದೆಂದು ಫೋನಿನಲ್ಲಿ ಚಿತ್ರ ತೋರಿಸಬೇಕಾಯಿತು. ಕಣ್ಣಿಗೆ ಕರಿಮೆಣಸು ಒತ್ತಿದೆವು.

ಅರಿಸಿನ ಕುಂಕುಮ ಹಚ್ಚಿ, ಹೋಳಿಗೆ ಬಾರದ ನಾನು ಶಿರಾ ಮಾಡಿ ನೈವೇದ್ಯ ಇಟ್ಟೆ. ಅವಳು ಕೈಮುಗಿದಳು. ಆಮೇಲೆ ಎತ್ತಿಕೊಂಡು ಆಡುವಾಗ ಒಂದು ಎತ್ತಿನ ಮುಂಗಾಲು ಮುರಿಯಿತು. ಅವಳು ಮುರಿದ ಕಾಲನ್ನು ನನ್ನ ಮುಂದೆ ಹಿಡಿದಳು. ಕಾಲನ್ನು ಹಸಿ ಮಣ್ಣಿನಿಂದ ಅಂಟಿಸಿ, ಅದರ ಮೇಲೆ ಅವಳದೇ ಕರಡಿ ಚಿತ್ರದ ಬ್ಯಾಂಡೇಡ್ ಸುತ್ತಿದೆವು. ಭಾನುವಾರ ಹೊರಡುವಾಗ ಅವಳು ಎತ್ತಿನ ಕಿವಿಯ ಹತ್ತಿರ ಬಾಯಿಟ್ಟು ಜರ್ಮನ್‌ನಲ್ಲಿ ಹೇಳಿದಳು, ನಾನು ಬರುವಷ್ಟರಲ್ಲಿ ವಾಸಿಯಾಗು ಎಂದು. ನಾನು ಪಕ್ಕದಲ್ಲೇ ನಿಂತಿದ್ದೆ. ಕಿವಿಯಾರೆ ಕೇಳಿಸಿಕೊಂಡಿದ್ದೆ.

ಎರಡು ದಿನ ಬಿಟ್ಟು ಅವ್ವ ಫೋನ್ ಮಾಡಿದಳು. "ಎತ್ತು ನೀರಿಗೆ ಬಿಟ್ಟೀಯಿಲ್ಲೋ? ಪೂಜಿ ಆದಮ್ಯಾಲೆ ಮನ್ಯಾಗ ಒಣಗಸಬಾರದಪಾ."

ಬಿಡಬೇಕು, ಹೌದು. ಚಿಕ್ಕಂದಿನಿಂದ ಮಾಡಿದ್ದೇ ಅದು. ಪೂಜೆಯಾದ ಎತ್ತನ್ನು ಬಾವಿಗೋ ಹಳ್ಳಕ್ಕೋ ಬಿಡುವಾಗ ನಮಗೆ ಯಾರಿಗೂ ದುಃಖವಾಗುತ್ತಿರಲಿಲ್ಲ, ಮುಂದಿನ ವರ್ಷ ಮತ್ತೆ ಮಾಡುತ್ತಿದ್ದೆವು. ಬಕೆಟ್‌ನಲ್ಲಿ ನೀರು ತುಂಬಿದೆ. ಪ್ಲಾಸ್ಟಿಕ್ ನೀರಿಗೆ ಹೋಗಬಾರದೆಂದು ಬ್ಯಾಂಡೇಡನ್ನು ಜಾಣನ ಹಾಗೆ ಬಿಚ್ಚಿ ಕಸದ ಡಬ್ಬಿಗೆ ಹಾಕಿದೆ. ಎತ್ತುಗಳು ಅರ್ಧ ಗಂಟೆಯಲ್ಲಿ ಕರಗಿದವು. ಆ ನೀರನ್ನು ಅಂಗಳದ ಮರದ ಬುಡಕ್ಕೆ ಸುರಿದು ಬಂದೆ. ಮನಸ್ಸಿಗೆ ಹಿತವೆನಿಸಿತ್ತು. ನನ್ನ ತಲೆಗೆ ಏನು ಬಡಿದಿತ್ತೋ ಇವತ್ತಿಗೂ ತಿಳಿಯದು.

ಮುಂದಿನ ಸರದಿಯ ಶುಕ್ರವಾರ ಮಗಳು ಬಂದಳು, ಓಡಿದಳು, ಕುರ್ಚಿ ಹತ್ತಿದಳು.

"ಪಪ್ಪಾ, ಎತ್ತು ಎಲ್ಲಿ?"

ಅವಳು ಕೇಳಿದ ಮೇಲೇ ನನಗೆ ಅರ್ಥವಾದದ್ದು. ಏನೇನೋ ಹೇಳಿದೆ. ಪೂಜೆ ಮಾಡಿದ ಮೇಲೆ ನೀರಿಗೆ ಬಿಡಬೇಕು ಪುಟ್ಟಿ, ನಮ್ಮಲ್ಲಿ ಹಾಗೇ, ಅವು ಮಣ್ಣಿಗೆ ಹೋಗಿ ಮುಂದಿನ ವರ್ಷ ಬರುತ್ತವೆ ಎಂದೆ. ಅವಳು ಅಳಲಿಲ್ಲ. ಕಾಲು ವಾಸಿಯಾಗಿತ್ತಾ ಎಂದು ಮಾತ್ರ ಕೇಳಿದಳು. ಆಗಿತ್ತು ಎಂದೆ. ಕಸದ ಡಬ್ಬಿಗೆ ಹಾಕಿದ ಬ್ಯಾಂಡೇಡ್ ನೆನಪಾಗಿ ನನ್ನ ಮೇಲೆ ನನಗೇ ಹೇಸಿಗೆಯಾಯಿತು. ಅವಳು ಶೂ ಬಿಚ್ಚಲು ಬಹಳ ಹೊತ್ತು ಹಿಡಿಯಿತು.

ಭಾನುವಾರ ಹೊರಡುವ ಮುಂಚೆ ಅವಳು ಕುರ್ಚಿ ಎಳೆದುಕೊಂಡು ಹೋಗಿ ಕಟ್ಟೆಯ ಮೇಲಿದ್ದುದನ್ನೆಲ್ಲ ತನ್ನ ರಕ್‌ಸ್ಯಾಕಿಗೆ ತುಂಬಿಕೊಂಡಳು. ಕುದುರೆ, ಮುಳ್ಳುಹಂದಿ, ಮೊಟ್ಟೆ ಚಿಪ್ಪುಗಳು. ಕಂದೀಲು ಅದರೊಳಗೆ ಹಿಡಿಸಲಿಲ್ಲ, ಕೈಯಲ್ಲಿ ಹಿಡಿದಳು. ಮರುದಿನ ಅವಳ ಅಮ್ಮ ಫೋನ್ ಮಾಡಿದಳು.

"ನೀನು ಎಂತ ಮಾಡಿದ್ದು ಮಾರಾಯಾ? ಪಪ್ಪನ ಮನೆಯಲ್ಲಿ ಎಂತದೂ ಇಡ್ಲಿಕ್ಕಿಲ್ಲ ಅಂತಾಳೆ."

ನಡೆದದ್ದನ್ನು ಹೇಳಿದೆ. ಅವಳು ಬೈಯುತ್ತಾಳೆಂದು ಕಾದೆ. ಬೈಯಲಿಲ್ಲ. ದೂರದ ಬಾನ್ ನಗರದಲ್ಲಿ ತನಗೆ ಕೆಲಸ ಸಿಕ್ಕಿದೆ, ಜನವರಿಯಿಂದ ಮಗಳನ್ನು ತಿಂಗಳಿಗೊಮ್ಮೆ ಮಾತ್ರ ಕರೆತರಲು ಆಗುತ್ತದೆ ಎಂದಳು.

ಬೇಸಿಗೆಯೆಲ್ಲ ಮಗಳು ಮಾಡಿದ್ದನ್ನೆಲ್ಲ ಹೊತ್ತುಕೊಂಡೇ ಹೋದಳು. ಎಲೆ ಅಂಟಿಸಿದ ಕಾಗದ, ಬಣ್ಣ ಬಳಿದ ಕಲ್ಲು, ಒಂದನ್ನೂ ಬಿಡಲಿಲ್ಲ. ಕಟ್ಟೆಯ ಮೇಲೆ ನಾನೇ ಏನಾದರೂ ಮಾಡಿ ಇಟ್ಟರೆ ಅದರ ಕಡೆ ನೋಡುತ್ತಲೂ ಇರಲಿಲ್ಲ. ನನ್ನ ಜೊತೆ ನಗುತ್ತಿದ್ದಳು, ಆಡುತ್ತಿದ್ದಳು, ಕಥೆ ಹೇಳಿಸಿಕೊಳ್ಳುತ್ತಿದ್ದಳು. ಬಂದ ಕೂಡಲೇ ಅಡುಗೆಮನೆಗೆ ಓಡುವುದು ಮಾತ್ರ ನಿಂತುಹೋಗಿತ್ತು.

ಅಕ್ಟೋಬರ್ ಮತ್ತೆ ಬಂತು. ಮತ್ತೆ ಕಾಯಿ ಆರಿಸಿ ತಂದೆವು. ಅವಳಿಗೀಗ ನನ್ನ ಸಹಾಯ ಬೇಕಿಲ್ಲ, ಆರು ಗೊಂಬೆಗಳನ್ನು ತಾನೇ ಮಾಡಿದಳು. ಭಾನುವಾರ ಒಂದೊಂದಾಗಿ ರಕ್‌ಸ್ಯಾಕಿಗೆ ಇಡುತ್ತಿದ್ದಳು. ಕೇಳಬಾರದೆಂದುಕೊಂಡಿದ್ದವನು ಕೇಳಿಯೇಬಿಟ್ಟೆ.

"ಒಂದರ ಇಟ್ಟು ಹೋಗ್ತೀಯೇನ ಪುಟ್ಟಿ?"

ಅವಳು ನನ್ನನ್ನು ನೋಡಿದಳು. ಬಹಳ ಯೋಚಿಸಿ ಒಂದು ಗೊಂಬೆಯನ್ನು ಹೊರತೆಗೆದಳು, ಎಲ್ಲಕ್ಕಿಂತ ಸಣ್ಣದು. ನನ್ನ ಅಂಗೈಯಲ್ಲಿ ಇಟ್ಟು, ಬಿಡಲೋ ಬೇಡವೋ ಎಂಬಂತೆ ಬೆರಳನ್ನು ಅದರ ಮೇಲೇ ಇಟ್ಟುಕೊಂಡಿದ್ದಳು.

"ಪಪ್ಪಾ," ಎಂದಳು ಮೆಲ್ಲಗೆ, "ಇದಕ್ಕೆ ಪೂಜೆ ಮಾಡ್ಬೇಡ."