ಎಂಬತ್ತು ದಾಟಿದವಳು

ಇದನ್ನು ಬರೆಯಲು ಕೂತಾಗಲೆಲ್ಲ ನನಗೆ ಬೇರೇನೋ ಕೆಲಸ ನೆನಪಾಗುತ್ತಿತ್ತು. ನಿನ್ನೆ ಸೊಳ್ಳೆಪರದೆಗೆ ತೇಪೆ ಹಾಕಿದೆ. ಇವತ್ತು ಮನೆಯಲ್ಲಿ ಹರಿದದ್ದು ಯಾವುದೂ ಉಳಿದಿಲ್ಲ. ಹಾಗಾಗಿ ಬರೆಯುತ್ತಿದ್ದೇನೆ.

ಅವಳು ನೀರು ಕುಡಿಯಲು ಹೋದರೂ ಬಸ್ಸು ಹಿಡಿಯುವವಳಂತೆ ನಡೆಯುತ್ತಿದ್ದಳು. ಪೀಣ್ಯದ ನಮ್ಮ ಶೆಡ್ಡಿನಲ್ಲಿ ಲೇತಿನ ಮೇಲೆ ಕಬ್ಬಿಣದ ಬುಷ್, ಅಂದರೆ ಬಳೆಯಂಥ ಬಿಡಿಭಾಗ, ಕಡೆಯುವ ಹನ್ನೊಂದು ಜನ ಗಂಡಸರ ನಡುವೆ ಅವಳೊಬ್ಬಳೇ ಹೆಂಗಸು. ನಾವು ಅವಳನ್ನು ‘ನಾನ್‌ಸ್ಟಾಪ್’ ಎನ್ನುತ್ತಿದ್ದೆವು.

ನಮ್ಮಲ್ಲೊಂದು ಕಟ್ಟಳೆಯಿತ್ತು. ಪಾಳಿಗೆ ಎಂಬತ್ತು ಬುಷ್, ಎಂಬತ್ತೊಂದನೆಯದು ಪಾಪ. ಒಬ್ಬರು ಜಾಸ್ತಿ ಮಾಡಿದರೆ ಮಾಲೀಕರು ಎಲ್ಲರಿಂದಲೂ ಅಷ್ಟೇ ಕೇಳುತ್ತಾರೆಂಬ ಭಯ. ಎಂಬತ್ತು ಮುಗಿದ ಮೇಲೆ ಬೆಲ್ ಹೊಡೆಯುವವರೆಗೂ ಮೆಷಿನ್ ಒರೆಸುತ್ತಿದ್ದೆವು. ಲೇತುಗಳು ಮದುಮಕ್ಕಳಂತೆ ಹೊಳೆಯುತ್ತಿದ್ದವು. ಮಾಲೀಕರು ಬಂದವರಿಗೆಲ್ಲ ನಮ್ಮ ಶುಚಿತ್ವವನ್ನು ಹೊಗಳುತ್ತಿದ್ದರು.

ಅವಳು ಮೊದಲ ತಿಂಗಳಲ್ಲೇ ನೂರು ದಾಟಿದಳು.

“ಅಕ್ಕಾ, ಸ್ವಲ್ಪ ಒರೆಸ್ಕೊಂಡಿರು, ಎಲ್ರೂ ಚೆನ್ನಾಗಿರ್ತೀವಿ,” ಎಂದೆ.

“ಮನೇಲೂ ಒರ್ಸಾದು, ಇಲ್ಲೂ ಒರ್ಸಾದಾ? ನಾನು ಸೆಟ್ಟರ್ ಆಗ್ಬೇಕು ಕಣಣ್ಣ.”

ಸೆಟ್ಟರ್ ಎಂದರೆ ಎಲ್ಲರ ಮೆಷಿನ್‌ಗೂ ಕಬ್ಬಿಣ ಕಡೆಯುವ ಟೂಲ್ ಕೂರಿಸಿಕೊಡುವವನು. ಆ ಕೆಲಸದ ಮೇಲೆ ನನಗೂ ಕಣ್ಣಿತ್ತು.

ಅವಳ ಸ್ಪ್ಯಾನರ್ ಬಚ್ಚಿಟ್ಟೆವು. ಮರುದಿನ ಬೀಗದ ಕೈ ಗೊಂಚಲಿನ ಹಾಗೆ ಇನ್ನೊಂದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಬಂದಳು. ಟೀ ಹೊತ್ತಿನಲ್ಲಿ ಯಾರೂ ಮಾತಾಡಿಸಬಾರದೆಂದು ತೀರ್ಮಾನಿಸಿದೆವು. “ಒಳ್ಳೇದೇ ಆಯ್ತು ಬುಡಿ, ಇನ್ನೆರಡು ಬುಷ್ ಆಯ್ತವೆ,” ಎಂದು ಲೋಟ ಹಿಡಿದೇ ಎದ್ದಳು.

ಅವಳು ಸೇರಿ ಎರಡು ವರ್ಷ ದಾಟಿದ ಮೇಲೆ ಸೆಟ್ಟರ್ ಜಾಗ ಖಾಲಿಯಾಯಿತು. ಒಂದು ವಾರ ಒಂದೂ ರಿಜೆಕ್ಟ್ ಬರದಿದ್ದರೆ ಅವಳೇ ಸೆಟ್ಟರ್ ಎಂದರು ಮಾಲೀಕರು. ಆರನೆಯ ದಿನ ಅವಳು ಕೈತೊಳೆಯಲು ಹೋದಾಗ, ನಾನು ಕೆಡಿಸಿದ್ದ ನಾಲ್ಕು ಬುಷ್‌ಗಳನ್ನು ಅವಳ ಟ್ರೇಗೆ ಹಾಕಿದೆ.

ತಪಾಸಣೆಯಲ್ಲಿ ಸಿಕ್ಕವು. ಪ್ರತಿಯೊಂದು ಟೂಲೂ ತನ್ನದೇ ಗೀರು ಬಿಡುತ್ತದೆ. ಅವಳು ಒಂದನ್ನು ಬೆಳಕಿಗೆ ಹಿಡಿದು ತಿರುಗಿಸಿದಳು. “ಈ ಗೀರು ನನ್ ಟೂಲ್‌ದಲ್ಲ ಸಾರ್.”

“ಟ್ರೇ ನಿಂದೇ ತಾನೇಮ್ಮಾ?” ಎಂದರು ಮಾಲೀಕರು.

ಅವಳು ನನ್ನ ಮುಖ ನೋಡಿದಳು. ನಾನು ಮೆಷಿನ್ ಒರೆಸುತ್ತಿದ್ದೆ. ಸೆಟ್ಟರ್ ಕೆಲಸ ನನಗೆ ಬಂತು.

ತಮಾಷೆಯೆಂದರೆ, ನನಗೆ ಟೂಲ್ ಕೂರಿಸಲು ಸರಿಯಾಗಿ ಬರುತ್ತಿರಲಿಲ್ಲ. ಮರುದಿನ ಎಂದಿನಂತೆ ಎಲ್ಲರಿಗಿಂತ ಮೊದಲೇ ಬಂದಿದ್ದವಳು ನನ್ನ ತಿಣುಕಾಟ ನೋಡಿ ಪಕ್ಕಕ್ಕೆ ಬಂದಳು.

“ಇಂಗಲ್ಲ, ಒಸಿ ಮೇಲಕ್ಕೆತ್ತಿ. ಜೋರಾಗಿ ನನ್ನ ಬಯ್ತಾ ಇರಿ ಸೆಟ್ಟರ್ ಸಾರ್, ನೀವೇ ಏಳ್ಕೊಡ್ತಿದ್ದೀರಿ ಅಂದ್ಕಳ್ತಾರೆ.”

“ನಂಗ್ಯಾಕೆ ಹೇಳ್ಕೊಡ್ತೀಯಕ್ಕ?”

“ನಿಮಗೆ ಬರ್ನಿಲ್ಲ ಅಂದ್ರೆ ನನ್ ಮೆಷಿನ್ ನಿಂತೋಯ್ತದೆ.”

ನಾನು ಬಯ್ದೆ. ಚೆನ್ನಾಗಿಯೇ ಬಯ್ದೆ. ಅಂದು ಅವಳು ನೂರಹನ್ನೆರಡು ಮಾಡಿದಳು.

ಅದಾಗಿ ವರ್ಷ ತುಂಬುವುದರೊಳಗೆ ಅವಳು ಅತ್ತಿಬೆಲೆಯ ಕಾರ್ಖಾನೆಯೊಂದಕ್ಕೆ ಸೆಟ್ಟರಾಗಿ ಹೋದಳು. ನಾನು ನಿವೃತ್ತನಾದ ಮೇಲೆ, ತಂಗಿಯ ಮನೆಗೆಂದು ಆ ಕಡೆ ಹೋದಾಗ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಳು. ಕೊರಳಲ್ಲಿ ಕಾರ್ಖಾನೆಯ ಕಾರ್ಡು, ಸುತ್ತ ಹೊಸದಾಗಿ ಕೆಲಸ ಕಲಿಯುತ್ತಿದ್ದ ನಾಲ್ವರು ಹುಡುಗಿಯರು.

“ಅಣ್ಣಾ! ಊಟ ಆಯ್ತಾ?”

ಹೇಳಬೇಕಾದ ಮಾತು ನಾಲಿಗೆಯ ತುದಿಗೆ ಬಂದಿತ್ತು. “ಆಯ್ತು,” ಎಂದವನು, ಬೋರ್ಡೂ ನೋಡದೆ ಎದುರಿಗೆ ಬಂದ ಬಸ್ಸು ಹತ್ತಿ, ತಂಗಿಯ ಮನೆ ಬಿಟ್ಟು ಗಡಿಯಾಚೆಯ ಹೊಸೂರಿನಲ್ಲಿ ಇಳಿದೆ.

ಮೂರು ವರ್ಷ ಪಕ್ಕದ ಮೆಷಿನ್‌ನಲ್ಲಿದ್ದವಳನ್ನು ನಾನು ಒಮ್ಮೆಯೂ ಹೆಸರು ಹಿಡಿದು ಕರೆಯಲಿಲ್ಲ. ಹಾಜರಿ ಪುಸ್ತಕದಲ್ಲಿ ಅವಳ ಹೆಸರು ದಿನಾ ನನ್ನ ಹೆಸರಿನ ಕೆಳಗೇ ಇರುತ್ತಿತ್ತು. ನಾನು ಕ್ಷಮೆ ಕೇಳದೆ ಯಾರಿಂದ ಓಡಿಬಂದೆನೋ ಅವಳ ಹೆಸರು: ಸಿದ್ದಗಂಗಮ್ಮ.