ಕವಡೆ ಅಂಟಿಸಿದ ಗುಂಡಿ

ಸುಮಲತಾ ತನ್ನ ತಾಯಿಗೆ ಹೇಳಿದ್ದು ಒಂದೇ ಒಂದು ಸುಳ್ಳು. ಅದನ್ನು ಕಾಪಾಡಿಕೊಳ್ಳಲು ಅವಳು ನಾಲ್ಕು ತಿಂಗಳು ಪಟ್ಟ ಪಾಡು ಮಾತ್ರ ಯಾರಿಗೂ ಬೇಡ.

ಗೋವಾದ ಕಾಣಕೋಣದಲ್ಲಿ ಸಮುದ್ರದ ದಂಡೆಗೆ ಹೋಗುವ ರಸ್ತೆಯ ಹಿಂದೆ, ತಗಡಿನ ಮಾಡಿನ ಎರಡು ಕೋಣೆಯ ಬಾಡಿಗೆ ಮನೆ ಅವರದು. ತಾಯಿ ದುರ್ಗಾಬಾಯಿ ವಿಜಯಪುರದ ಕಡೆಯ ತಾಂಡಾದಿಂದ ಬಂದ ಲಂಬಾಣಿ ಹೆಂಗಸು. ಮಣಿಸರ, ಕನ್ನಡಿ ಹಚ್ಚಿದ ಚೀಲ ಹೆಗಲಿಗೆ ಹಾಕಿಕೊಂಡು ಮೂವತ್ತು ವರ್ಷ ಮರಳಿನಲ್ಲಿ ಅಡ್ಡಾಡಿದಳು. ಆಮೇಲೆ ಸಕ್ಕರೆ ಕಾಯಿಲೆ ಬಂದು ಎರಡೂ ಕಣ್ಣು ಹೋದವು. ಗಂಡ ತೀರಿಕೊಂಡು ಬಹಳ ಕಾಲವಾಗಿತ್ತು. ಮಗ ಬಾಲು ಮೀನಿನ ಲಾರಿ ನಡೆಸುತ್ತಿದ್ದ, ಮದುವೆಯಾಗಿರಲಿಲ್ಲ. ಮಗಳು ಸುಮಲತಾ ಏಳನೆಯ ಇಯತ್ತೆಗೆ ಶಾಲೆ ಬಿಟ್ಟು ಮಡಗಾಂವಿನ ರಾಜಮಹ್ಮದನ ಫೋನ್ ರಿಪೇರಿ ಅಂಗಡಿಗೆ ಕಸ ಗುಡಿಸಲು ಸೇರಿದವಳು. ನೋಡಿ ನೋಡಿಯೇ ಬೆಸುಗೆ ಹಾಕುವುದನ್ನು ಕಲಿತಳು. ಈಗ ಅಲ್ಲಿಯ ನಾಜೂಕು ಕೆಲಸವೆಲ್ಲ ಅವಳ ಪಾಲಿಗೇ.

ಹೋದ ವರ್ಷ ಮಳೆ ಹಿಂದೆಗೆಯುವ ಹೊತ್ತಿಗೆ ದುರ್ಗಾಬಾಯಿ ಎದೆನೋವು ಬಂದು ಆಸ್ಪತ್ರೆ ಸೇರಿದಳು. ಸೇರಿದ ಮೂರನೆಯ ದಿನ, ಕಾರವಾರದ ಆಚೆ ಒಂದು ತಿರುವಿನಲ್ಲಿ ಬಾಲುವಿನ ಲಾರಿ ಉರುಳಿತು. ಅವನು ಅಲ್ಲೇ ಹೋದ. ಇತ್ತ ಡಾಕ್ಟರು, ಕೆಟ್ಟ ಸುದ್ದಿ ಏನಿದ್ದರೂ ಈಗ ಇವರ ಕಿವಿಗೆ ಹಾಕಬೇಡಿ ಎಂದರು. ಓಣಿಯವರೆಲ್ಲ ಸೇರಿ, ತಾಯಿಗೆ ತಿಳಿಯದಂತೆ ಮಗನನ್ನು ಮಣ್ಣು ಮಾಡಿದರು.

"ಬಾಲು ಯಾಕ ನೋಡಾಕ ಬರವಲ್ಲ?" ಎಂದು ಹಾಸಿಗೆಯಲ್ಲಿದ್ದ ದುರ್ಗಾಬಾಯಿ ಕೇಳಿದಳು.

"ಅವಂಗ ಹಡಗಿನ್ಯಾಗ ಕೆಲಸ ಸಿಕ್ತು, ಯಾಡಿ. ಅವಸರದಾಗ ಹ್ವಾದ. ಅಲ್ಲಿಂದ ಫೋನ್ ಹತ್ತಂಗಿಲ್ಲಂತ. ಮಾತು ತುಂಬಿ ಕಳಸ್ತಾನಂತ." ತಾಯಿಯನ್ನು ಅವರು ಯಾಡಿ ಎಂದೇ ಕರೆಯುವುದು.

ಬಾಲು ಲಾರಿಯಲ್ಲಿ ತಿರುಗುವಾಗ ತಾಯಿಗೆಂದು ದನಿ ತುಂಬಿ ತಂಗಿಯ ಫೋನಿಗೆ ಕಳಿಸಿದ್ದ ಮಾತುಗಳು ಏಳು ಉಳಿದಿದ್ದವು. ಒಂದೊಂದನ್ನೇ ಹೊಸದೆಂಬಂತೆ ಸುಮಲತಾ ತಾಯಿಗೆ ಕೇಳಿಸತೊಡಗಿದಳು. ಆದರೆ ಅವಳು ಕೆಲಸಕ್ಕೆ ಹೋದರೆ ಕೇಳಿಸುವವರು ಯಾರು? ತಾಯಿಗೆಂದು ಮನೆಯಲ್ಲಿಟ್ಟ ಗಾಜಿನ ಫೋನಿನ ಮೇಲೆ ಕುರುಡು ಬೆರಳು ಎಲ್ಲೆಲ್ಲೋ ಜಾರುತ್ತಿತ್ತು.

ಅಂಗಡಿಯಲ್ಲಿ ಯಾರೋ ತರಿಸಿ ಒಯ್ಯದೆ ಬಿಟ್ಟ ಒಂದು ಪುಟ್ಟ ಕಿಟ್ ಬಿದ್ದಿತ್ತು. ಅಂಗೈಯಗಲದ ಹಲಗೆ, ಒತ್ತಿದರೆ ಟಕ್ಕೆನ್ನುವ ಆರು ಗುಂಡಿ. ಜೋಡಿಸಿ ಫೋನಿಗೆ ವಯರು ಹಚ್ಚಿದರಾಯಿತು. ಯಾವ ಗುಂಡಿಗೆ ಯಾವ ಕೆಲಸ ಎನ್ನುವುದನ್ನು ಕಂಪ್ಯೂಟರಿನಲ್ಲಿ ಬರೆದು ಅದರೊಳಗೆ ಇಳಿಸಬಹುದು, ಬೇಕೆಂದಾಗ ಬದಲಿಸಲೂಬಹುದು.

"ತಗೊಂಡ ಹೋಗವಾ. ಇಲ್ಲಿದ್ರ ಇಲಿ ತಿಂತಾವು," ಎಂದ ರಾಜಮಹ್ಮದ. ಆಮೇಲೆ ಅವಳ ಮುಖ ನೋಡಿ ದನಿ ಇಳಿಸಿದ. "ಆದ್ರ ಅವನ ಮಾತು ಇದಕ್ಕ ಹಾಕಬ್ಯಾಡ. ಇವತ್ತಲ್ಲ ನಾಳಿ ಹೇಳಾಕ ಬೇಕು."

"ಹೇಳಿದ್ರ ಅಕಿನೂ ಹೊಕ್ಕಾಳ, ಕಾಕಾ. ಆಮ್ಯಾಲ ನನಗ ಯಾರದಾರ?"

ರಾಜಮಹ್ಮದ ಕಿಟ್ಟನ್ನು ಕಾಗದದಲ್ಲಿ ಸುತ್ತಿ ಅವಳ ಕೈಗಿಟ್ಟ.

ಭಾನುವಾರ ಬಾಗಿಲ ಬೆಳಕಿಗೆ ಕುಳಿತು ಸುಮಲತಾ ಸಾಸಿವೆಯಷ್ಟು ಸಣ್ಣ ಡಯೋಡುಗಳನ್ನು, ಅವುಗಳ ಮೈಮೇಲಿನ ಗೆರೆ ನೋಡಿ, ಒಂದೇ ದಿಕ್ಕಿಗೆ ಇಟ್ಟು ಬೆಸುಗೆ ಹಾಕಿದಳು. ಹೊಗೆಯ ವಾಸನೆಗೆ ದುರ್ಗಾಬಾಯಿ ಪಕ್ಕಕ್ಕೆ ಸರಿದು ಬಂದಳು.

"ನನಗೂ ಒಂದೀಟ ಕೆಲಸ ಕೊಡು. ಬೆರಳಿಗೇನ ಕುರುಡ ಬಂದಿಲ್ಲ."

ಮಗಳು ಗುಂಡಿಗಳನ್ನು ಅವಳ ಉಡಿಗೆ ಸುರಿದಳು. ದುರ್ಗಾಬಾಯಿ ಪ್ರತಿಯೊಂದರ ತಳದ ಎರಡು ತಂತಿಕಾಲು ಸವರಿ ನೋಡಿದಳು. "ಇದರ ಕಾಲ ಸೊಟ್ಟ ಐತಿ ನೋಡು. ಹಂಗ ಒತ್ತಿದ್ರ ಮುರೀತಿತ್ತು. ನಿಮ್ಮ ಕಾಕಾ ಇಂಥಾದ್ದ ಕೊಡಾಂವ." ಹೆಬ್ಬೆರಳಿನ ಉಗುರಿನಿಂದ ಮೆಲ್ಲಗೆ ನೆಟ್ಟಗೆ ಮಾಡಿದಳು. ಆಮೇಲೆ ಕೇಳಿದಳು, "ಬಾಲುಂದು ಯಾವುದು?"

"ಈ ಮೂಲ್ಯಾಗಿಂದು."

"ಹಂಗಾರ ಇದನ್ನ ನಾನ ಕೂಡಸ್ತೀನಿ."

ಅವಳೇ ಕೂಡಿಸಿದಳು. ಗುರುತಿಗೆಂದು ತನ್ನ ಹಳೆಯ ಓಢಣಿಯಿಂದ ಒಂದು ಕವಡೆ ಬಿಡಿಸಿ ಅದರ ನೆತ್ತಿಗೆ ಅಂಟಿಸಿದಳು. ಸುಮಲತಾ ಬೆಸುಗೆಯ ಹೊಗೆ ಕಣ್ಣಿಗೆ ಹೋಯಿತೆಂದು ಎದ್ದು ಹೊರಗೆ ಹೋದಳು.

ಅಲ್ಲಿಂದ ಮುಂದೆ ದುರ್ಗಾಬಾಯಿಯ ದಿನಗಳು ಚಿಗುರಿದವು. ಒಂದು ಗುಂಡಿಗೆ ಮಗಳ ಫೋನು ಹತ್ತುತ್ತಿತ್ತು, ಒಂದಕ್ಕೆ ಪಕ್ಕದ ಮನೆಯ ಗೌರಿಬಾಯಿಯದು, ಒಂದಕ್ಕೆ ಭಜನೆ. ಆದರೆ ಅವಳ ಕೈ ಹೆಚ್ಚಾಗಿ ಹೋಗುತ್ತಿದ್ದುದು ಕವಡೆಗೇ; ಒತ್ತಿದಂತೆಲ್ಲ ಬಾಲುವಿನ ಏಳು ಮಾತುಗಳಲ್ಲಿ ಒಂದೊಂದು ಬರುತ್ತಿತ್ತು. "ಯಾಡಿ, ಉಂಡಿ ಏನ? ಗುಳಿಗಿ ನುಂಗಿದಿ ಏನ? ಮೀನ ಎಲ್ಲಾ ನೀನ ತಿನಬ್ಯಾಡ, ನನಗೂ ಒಂದ ತುಂಡ ಇಡು," ಎಂದು ಬಾಲು ನಗುತ್ತಿದ್ದ. "ಇಡ್ತೀನೋ ಹೊಟ್ಟಿಬಾಕ, ಬಾ ಮದ್ಲ," ಎಂದು ಇವಳೂ ನಗುತ್ತಿದ್ದಳು.

ಒಂದು ದಿನ, ಮಗನಿಗೆ ಹಡಗಿನ ಕೆಲಸ ಸಿಕ್ಕ ಖುಷಿಗೆ ಶೇಂಗಾ ಹೋಳಿಗೆ ಮಾಡಿ ಓಣಿಗೆಲ್ಲ ಹಂಚು ಎಂದು ಹಟ ಹಿಡಿದಳು. ಬಾಲು ಸತ್ತು ಅಂದಿಗೆ ಎರಡು ತಿಂಗಳು. ಸುಮಲತಾ ಮಾಡಿದಳು, ಹಂಚಿದಳು. ಜನ ತಲೆ ತಗ್ಗಿಸಿಕೊಂಡು ಇಸಿದುಕೊಂಡರು. ಗೌರಿಬಾಯಿ ಒಂದು ತುತ್ತು ಬಾಯಿಗಿಟ್ಟುಕೊಂಡು, ನುಂಗಲಾರದೆ, ಗೋಡೆಯ ಹಿಂದೆ ಹೋಗಿ ಉಗುಳಿ ಬಂದಳು.

ಸಂಕ್ರಾಂತಿ ಕಳೆದ ಮೇಲೆ ದುರ್ಗಾಬಾಯಿ ಮೊದಲಿನಂತೆ ನಗುವುದನ್ನು ಬಿಟ್ಟಳು. ಗುಂಡಿ ಒತ್ತುತ್ತಿದ್ದಳು, ಆದರೆ ತಲೆ ಒಂದು ಕಡೆ ವಾಲಿಸಿ ಸುಮ್ಮನೆ ಕೇಳುತ್ತಿದ್ದಳು. ಒಂದು ಭಾನುವಾರ ಬೆಳಿಗ್ಗೆ ಮಗಳನ್ನು ಕರೆದು ಎದುರಿಗೆ ಕೂಡಿಸಿಕೊಂಡಳು.

"ಕೇಳು. ಅವನ ಮಾತ ಬಿಡು. ಹಿಂದೇನೈತಿ ಕೇಳು."

ಒತ್ತಿದಳು. ಬಾಲು ಉಂಡಿ ಏನ ಎಂದ. ಅವನ ದನಿಯ ಹಿಂದೆ, ದೂರದಲ್ಲಿ, ಪೊಂಯ್ ಪೊಂಯ್ ಎಂದು ಒಂದು ಹಾರ್ನು. ಬೆಳಿಗ್ಗೆ ಸೈಕಲ್ಲಿಗೆ ಬುಟ್ಟಿ ಕಟ್ಟಿಕೊಂಡು ಪಾವು ರೊಟ್ಟಿ ಮಾರುವವರು ಒತ್ತುವ ರಬ್ಬರಿನ ಹಾರ್ನು. ಹುಟ್ಟಿದಂದಿನಿಂದ ದಿನಾ ಕೇಳುತ್ತಿದ್ದ ಸದ್ದು. ಅದು ಅಲ್ಲಿದೆಯೆಂದು ಸುಮಲತಾಗೆ ಹೊಳೆದೇ ಇರಲಿಲ್ಲ.

"ನಡುಕಡಲಾಗ ಪಾವಿನಾಂವ ಸೈಕಲ್ ಹೊಡಕೊಂಡು ಬರ್ತಾನೇನ?"

ಸುಮಲತಾ ಹಲಗೆಯನ್ನು ತನ್ನತ್ತ ಎಳೆದುಕೊಳ್ಳಲು ಹೋದಳು, ತಾಯಿ ಬಿಡಲಿಲ್ಲ.

"ಹಡಗು ದಂಡಿಗೆ ಬಂದಿರಬೇಕು ಅಂತ ಮನಸಿಗೆ ಹೇಳ್ಕೊಂಡೆ. ಆಮ್ಯಾಲ ಎಲ್ಲಾ ಕೇಳಿದೆ. ಒಂದರಾಗ ಬಸ್ ಕಂಡಕ್ಟರ್ ಮ್ಹಾಪಸಾ ಮ್ಹಾಪಸಾ ಅಂತ ಊರ ಹೆಸರ ಒದರ್ತಾನ. ಒಂದರಾಗ ಲಾರಿ ಗೇರ್ ಬೀಳತೈತಿ. ಎಲ್ಲಾ ಹಳೇವು, ಸುಮಾ. ಹೊಸಾದು ಒಂದರ ಐತೇನು?"

ಇನ್ನೊಂದು ಸುಳ್ಳು ನಾಲಿಗೆಯ ತುದಿವರೆಗೆ ಬಂತು. ಬಂದು ಅಲ್ಲೇ ನಿಂತಿತು.

"ಇಲ್ಲ, ಯಾಡಿ."

"ಯಾವಾಗ?"

"ನೀ ದವಾಖಾನ್ಯಾಗ ಇದ್ದಾಗ."

ದುರ್ಗಾಬಾಯಿಯ ಕೈ ಎದೆಗೆ ಹೋಯಿತು. ಸುಮಲತಾ ಹೌಹಾರಿ ಗುಳಿಗೆಯ ಡಬ್ಬಿಗೆ ಕೈ ಹಾಕಿದಳು. ಮುದುಕಿ ಆ ಕೈಯನ್ನು ತಳ್ಳಿದಳು.

"ಹೋಳಿಗಿ ಹಂಚಿದ್ನಲ್ಲೇ. ಸತ್ತ ಮಗನ ಹೆಸರಿಲೆ ಓಣಿಗೆಲ್ಲ ಸಿಹಿ ಹಂಚಿದ್ನಲ್ಲೇ ನಾನು. ನೀ ಬ್ಯಾಡ ಅನಲಿಲ್ಲ."

"ನಿನ್ನ ಜೀವಕ್ಕ ಏನರ ಆದೀತಂತ..."

"ಜೀವ ಇಲ್ಲೇ ಐತಿ ನೋಡು. ಹೋಗವಲ್ದು. ಯಾತಕ್ಕ ಉಳಿಸಿದಿ ಇದನ್ನ? ನಗಾಕ?"

ಕೊನೆಗೆ ದುರ್ಗಾಬಾಯಿ, "ಬಾ," ಎಂದು ತೋಳು ಚಾಚಿದಳು.

ಲಂಬಾಣಿ ಹೆಂಗಸರು ಸತ್ತವರಿಗಾಗಿ ಸುಮ್ಮನೆ ಅಳುವುದಿಲ್ಲ. ಒಬ್ಬರ ಕೊರಳು ಒಬ್ಬರು ತಬ್ಬಿ, ಹೋದವರ ಗುಣ ಎಣಿಸುತ್ತ, ಹಾಡಿನಂತೆ ಎಳೆದು ಅಳುತ್ತಾರೆ. ಒಬ್ಬರು ಸಾಲು ಹೇಳಿದರೆ ಇನ್ನೊಬ್ಬರು ಎತ್ತಿಕೊಳ್ಳಬೇಕು. ಹೆತ್ತವಳಿದ್ದರೆ ಮೊದಲ ಸಾಲು ಅವಳದೇ. ಅವಳಿಗೆ ಸುದ್ದಿಯನ್ನೇ ಹೇಳದ ಕಾರಣ ನಾಲ್ಕು ತಿಂಗಳು ಓಣಿಯಲ್ಲಿ ಬಾಲುವಿಗೆ ಯಾರೂ ಆ ಅಳು ಎತ್ತಿರಲಿಲ್ಲ. ದುರ್ಗಾಬಾಯಿಯ ಮೊದಲ ದನಿಗೇ ಬಾಗಿಲುಗಳು ತೆರೆದವು. ಗೌರಿಬಾಯಿ ಸೆರಗು ಮುಖಕ್ಕೆ ಹಾಕಿಕೊಂಡು ಬಂದು ಹೊಸ್ತಿಲಲ್ಲಿ ಕುಳಿತಳು, ಅವಳ ಹಿಂದೆ ಓಣಿಯ ಉಳಿದ ಹೆಂಗಸರೂ ಬಂದರು.

ಸುಮಲತಾ ಬರೀ ಬಿಕ್ಕಿದಳು. ಗೋವಾದಲ್ಲೇ ಹುಟ್ಟಿ ಬೆಳೆದು, ಅಂಗಡಿಯಲ್ಲೇ ದಿನ ಕಳೆದವಳಿಗೆ ಆ ಧಾಟಿ ಗೊತ್ತಿರಲಿಲ್ಲ. ದುರ್ಗಾಬಾಯಿ ನಡುವೆಯೇ ನಿಲ್ಲಿಸಿದಳು.

"ಹಂಗಲ್ಲ. ಅವನ್ನ ಕರಿ. ಕರದು, ಏನಾತು ಅನ್ನೋದನ್ನ ಹೇಳು. ಕಡೀಕ ದನಿ ಎಳಿ."

"ನನಗ ಬರಂಗಿಲ್ಲ, ಯಾಡಿ."

"ನನ್ನ ಹಿಂದ ಅನ್ನು."

ತಾಯಿ ಹೇಳಿದಳು, ಮಗಳು ಅಂದಳು. ಅವನು ತಂಗಿಯನ್ನು ಹೆಗಲ ಮೇಲೆ ಕೂಡಿಸಿಕೊಂಡು ಸಮುದ್ರ ತೋರಿಸಿದ್ದು. ಮೊದಲ ಪಗಾರಿನಲ್ಲಿ ತಾಯಿಗೆ ತಂದ ಬಳೆ. ಮೂರನೆಯ ಸಾಲನ್ನು ದುರ್ಗಾಬಾಯಿ ಮಗನ ಹೆಸರಿಗೇ ನಿಲ್ಲಿಸಿಬಿಟ್ಟಳು. ಮುಂದಿನ ಸಾಲನ್ನು ಹೇಳಿಕೊಡುವವರಿಲ್ಲ. ಹೊಸ್ತಿಲಲ್ಲಿದ್ದವರು ಕಾದರು. ಸುಮಲತಾ ತನಗೆ ತಾನೇ ಒಂದು ಸಾಲು ಎಳೆದಳು: "ಬಾಲು ಭಿಯಾ, ನಿನ್ನ ಮಾರಿ ಕಡೀಸಲ ಯಾಡಿ ಕೈಲೆ ಮುಟ್ಟಾಕ ಬಿಡಲಿಲ್ಲೋ ನಾನು..."

ಕೊರಳ ಸುತ್ತಲಿದ್ದ ತಾಯಿಯ ತೋಳು ಸಡಿಲಾಯಿತು. ಹಾಗೆಯೇ ಸ್ವಲ್ಪ ಹೊತ್ತು ಜೋತು ಬಿದ್ದಿತ್ತು. ಆಮೇಲೆ ದುರ್ಗಾಬಾಯಿ, ಮಗಳ ಆ ಸಾಲನ್ನೇ ಎತ್ತಿಕೊಂಡು ಅಳತೊಡಗಿದಳು.